ತೋಟದ ಮನೆಯಲ್ಲಿ ಒಬ್ಬರೇ ಇರುವ ಅಮ್ಮ, ಹೆಚ್ಚುತ್ತಿರುವ ಮರೆವು: ಜನರ ಒಡನಾಟದಿಂದ ಎಷ್ಟು ಉಪಯೋಗ?

ಪ್ರಶ್ನೆ: ಡಾಕ್ಟರೇ, ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿದೆ. ಅಮ್ಮನಿಗೆ 72 ವರ್ಷ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಹತ್ತಿರದ ಮನೆ ಅಂದರೂ ಗದ್ದೆ ದಾಟಿ ಹದಿನೈದು ನಿಮಿಷ ನಡೆಯಬೇಕು. ಮೊದಲೆಲ್ಲ ಊರಲ್ಲಿ ಯಾರ ಮನೆ ಮದುವೆಯಾದರೂ ಅಮ್ಮ ಇರಲೇಬೇಕಿತ್ತು. ಈಗ ಎಷ್ಟು ಕರೆದರೂ ಹೋಗುವುದಿಲ್ಲ. ಫೋನಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಾಳೆ, ಒಮ್ಮೊಮ್ಮೆ ಸಂಬಂಧವೇ ಇಲ್ಲದ ಉತ್ತರ ಕೊಡುತ್ತಾಳೆ. ಒಲೆ ಮೇಲೆ ಹಾಲಿಟ್ಟು ಒಂದೆರಡು ಸಲ ಮರೆತಿದ್ದಾಳೆ. ಬಿಪಿ, ಶುಗರ್‌ಗೆ ಮಾತ್ರೆ ಇದೆ. ಅಪ್ಪ ಹೋದ ಮೇಲೆ ನಿದ್ದೆ ಮಾತ್ರೆಯೂ ಶುರುವಾಗಿದೆ. ಜನರ ಜತೆ ಬೆರೆತರೆ ಮರೆವಿನ ಕಾಯಿಲೆ ಬರುವುದಿಲ್ಲ ಅನ್ನುತ್ತಾರೆ, ನಿಜವೇ? ತಮ್ಮ ಒಂದು ಟ್ಯಾಬ್ ತಂದು ಮಿದುಳಿಗೆ ಕಸರತ್ತು ಕೊಡುವ ಆಟಗಳನ್ನು ಹಾಕಿಕೊಟ್ಟಿದ್ದಾನೆ, ಅಮ್ಮ ಮುಟ್ಟುವುದಿಲ್ಲ. ಅವಳನ್ನು ಬೆಂಗಳೂರಿಗೇ ಕರೆದುಕೊಂಡು ಬಂದುಬಿಡಬೇಕೇ?
(ಹೆಸರು ಬೇಡ, ಬೆಂಗಳೂರು)

ಉತ್ತರ: ಬೆಂಗಳೂರಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪತ್ರದ ಒಂದು ಸಾಲಿನ ಬಗ್ಗೆ ಹೇಳಬೇಕು. ಅಮ್ಮ ಫೋನಿನಲ್ಲಿ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆ ಎಂದಿದ್ದೀರಿ. ಎದುರಿಗೆ ಕೂತು ಮಾತಾಡುವಾಗಲೂ ಹೀಗೆಯೇ ಆಗುತ್ತದೆಯೇ, ಫೋನಿನಲ್ಲಿ ಮಾತ್ರವೇ? ಟಿವಿ ಶಬ್ದ ಜಾಸ್ತಿ ಇಟ್ಟುಕೊಳ್ಳುತ್ತಾರೆಯೇ? ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿರುವಾಗ ಸುಮ್ಮನೆ ನಕ್ಕು ತಲೆಯಾಡಿಸಿ ಎದ್ದು ಒಳಗೆ ಹೋಗುತ್ತಾರೆಯೇ? ಹೌದೆನ್ನುವುದಾದರೆ ಮರೆವಿನ ಮಾತಿಗಿಂತ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದು ಸಾಧ್ಯವಿಲ್ಲ. ಕೇಳಿಸದವರು ಮೆಲ್ಲಗೆ ಸಭೆ ಸಮಾರಂಭ ಬಿಡುತ್ತಾರೆ, ಏಕೆಂದರೆ ಮೂರು ಸಲ ‘ಆಂ?’ ಎನ್ನುವುದು ಸ್ವಾಭಿಮಾನದ ಹೆಂಗಸಿಗೆ ಕಷ್ಟ. ಹೀಗೆ ಕಿವಿಯಿಂದ ಶುರುವಾದದ್ದು ಒಂಟಿತನಕ್ಕೆ ದಾರಿ ಮಾಡುತ್ತದೆ, ಮನೆಯವರ ಕಣ್ಣಿಗೆ ಅದು ಬರೀ ಮರೆವಾಗಿ ಕಾಣುತ್ತದೆ.

ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಶಿಯಾದ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿ, ತಡೆಯಬಹುದಾದ ಅಥವಾ ಮುಂದೂಡಬಹುದಾದ 14 ಕಾರಣಗಳನ್ನು ಹೆಸರಿಸುತ್ತದೆ. ಆ 14ನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ತಡವಾಗಿಸಬಹುದು ಎಂಬುದು ಅವರ ಲೆಕ್ಕ. ಅದರಲ್ಲಿ ಶ್ರವಣದೋಷದ ಪಾಲು ಶೇ 7, ಜನಸಂಪರ್ಕವಿಲ್ಲದಿರುವುದರ ಪಾಲು ಶೇ 5. ಬಿಪಿ, ಶುಗರ್, ಕೊಲೆಸ್ಟರಾಲ್, ಖಿನ್ನತೆ, ದೇಹಕ್ಕೆ ಚಟುವಟಿಕೆ ಇಲ್ಲದಿರುವುದು, ಚಿಕಿತ್ಸೆ ಮಾಡಿಸದ ಕಣ್ಣಿನ ದೋಷ ಇವೂ ಪಟ್ಟಿಯಲ್ಲಿವೆ. ಇವು ಇಡೀ ಜನಸಮುದಾಯದ ಲೆಕ್ಕಗಳು, ನಿಮ್ಮ ಅಮ್ಮನೊಬ್ಬರ ಭವಿಷ್ಯವನ್ನು ಇದರಿಂದ ಹೇಳಲಾಗದು. ಆದರೆ ನಿಮ್ಮ ಪತ್ರದ ಹತ್ತು ಸಾಲಿನಲ್ಲಿಯೇ ಈ ಪಟ್ಟಿಯ ನಾಲ್ಕೈದು ಸಂಗತಿಗಳು ಕಾಣಿಸುತ್ತಿವೆ, ಮತ್ತು ಬಹುಪಾಲಿಗೆ ಶಿವಮೊಗ್ಗದಲ್ಲೇ ಪರಿಹಾರವಿದೆ.

ಕಿವಿಗೆ ಮಿಷನ್ ಹಾಕಿಸಿದರೆ ಮರೆವು ನಿಧಾನವಾಗುತ್ತದೆಯೇ ಎಂದು ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯಲ್ಲಿ ಮೂರು ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿಯ ಇಳಿತ ಶೇ 48ರಷ್ಟು ನಿಧಾನವಾಯಿತು. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಮಿಷನ್ ಕೂಡ ಬೇಡ, ಅದನ್ನು ತೆಗೆಸಿದರೆ ಸಾಕು. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಒಮ್ಮೆ ಕರೆದುಕೊಂಡು ಹೋಗಿ.

ಇನ್ನು ಮಾತ್ರೆಗಳು. ಶುಗರ್‌ಗೆ ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನಡೆದರೆ ಬಿ-12 ಜೀವಸತ್ವ ಕಡಿಮೆಯಾಗಬಹುದು. ಜತೆಗೆ ಸಸ್ಯಾಹಾರಿಗಳಾಗಿದ್ದರೆ ಇನ್ನೂ ಬೇಗ. ಬಿ-12 ಕೊರತೆಯಿಂದ ಮರೆವು, ಕಾಲಿನಲ್ಲಿ ಜೋಮು, ಮಂಕು ಎಲ್ಲ ಬರುತ್ತವೆ, ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸುಧಾರಿಸುವ ಸಾಧ್ಯತೆಯೂ ಇದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ರಕ್ತದಲ್ಲಿ ಸೋಡಿಯಂ ಇಳಿಸುತ್ತವೆ, ಆಗಲೂ ವಯಸ್ಸಾದವರಿಗೆ ಗೊಂದಲವಾಗುತ್ತದೆ. ನಿದ್ದೆ ಮಾತ್ರೆಯಂತೂ ನನಗೆ ನಿಜವಾದ ಚಿಂತೆ ತಂದಿದೆ. ಸಾವಿನ ಮನೆಯಲ್ಲಿ ನಾಲ್ಕು ದಿನಕ್ಕೆಂದು ಬರೆದುಕೊಟ್ಟದ್ದು ಎಷ್ಟೋ ಮನೆಗಳಲ್ಲಿ ಎರಡು ವರ್ಷ ನಡೆಯುತ್ತದೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಗುಂಪಿನ ಮಾತ್ರೆಗಳು ಹಿರಿಯರಲ್ಲಿ ನೆನಪನ್ನು ಮಸುಕು ಮಾಡುತ್ತವೆ, ರಾತ್ರಿ ಎದ್ದಾಗ ಬೀಳಿಸುತ್ತವೆ. ಆದರೆ ದಯವಿಟ್ಟು ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದ ಬೇರೆ ತೊಂದರೆ ಆಗುತ್ತದೆ. ವೈದ್ಯರ ಉಸ್ತುವಾರಿಯಲ್ಲಿ ವಾರ ವಾರಕ್ಕೆ ಸ್ವಲ್ಪಸ್ವಲ್ಪ ಇಳಿಸುತ್ತ ಬರಬೇಕು. ಇತ್ತೀಚೆಗೆ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತೇ ಎಂದೂ ಕೇಳಿ. ಹಿರಿಯರಲ್ಲಿ ಸಣ್ಣ ಪೆಟ್ಟಿನ ನಂತರವೂ ವಾರಗಳ ಮೇಲೆ ತಲೆಯೊಳಗೆ ನಿಧಾನವಾಗಿ ರಕ್ತ ಸೇರಿ ಮಂಕು ಬರುವುದುಂಟು. ಥೈರಾಯ್ಡ್ ಪರೀಕ್ಷೆಯೂ ಆಗಬೇಕು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಹಿರಿಯರಿಗೆ ಮಾಡಿದಷ್ಟು ಅನ್ಯಾಯವನ್ನು ಬೇರೆ ಯಾವ ಮಾತೂ ಮಾಡಿಲ್ಲ. ಮರೆವು ವಯಸ್ಸಿಗೆ ಸಹಜ ಎಂದುಕೊಂಡು ಚಿಕಿತ್ಸೆ ಇರುವುದಕ್ಕೂ ಚಿಕಿತ್ಸೆ ಮಾಡಿಸದೆ ಬಿಡುತ್ತೇವೆ. ಭಾರತದಲ್ಲಿ 60 ದಾಟಿದವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ವಯೋಮಾನದಲ್ಲಿ ಡಿಮೆನ್ಶಿಯಾ ಇರುವವರು ಶೇ 7.4, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಮಂದಿ. ದೊಡ್ಡ ಸಂಖ್ಯೆಯೇ. ಹಾಗಿದ್ದೂ ನೂರಕ್ಕೆ 92 ಹಿರಿಯರಿಗೆ ಆ ಕಾಯಿಲೆ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜನರ ಜತೆ ಬೆರೆತರೆ ಮರೆವಿನ ಕಾಯಿಲೆ ಬರುವುದೇ ಇಲ್ಲ ಎಂಬ ಮಾತು ನಿಜವಲ್ಲ. ಊರಿಗೆಲ್ಲ ಬೇಕಾದವರಾಗಿದ್ದು, ಕೊನೆಯವರೆಗೆ ಜನರ ನಡುವೆಯೇ ಇದ್ದವರಿಗೂ ಡಿಮೆನ್ಶಿಯಾದ ಸಾಮಾನ್ಯ ಬಗೆಯಾದ ಅಲ್ಝೈಮರ್ ಬಂದಿದೆ. ಹಾಗೆ ಬಂದವರ ಮನೆಯವರು ತಮ್ಮಲ್ಲೇ ತಪ್ಪು ಹುಡುಕಬಾರದು. ಆದರೆ ಬೆರೆಯುವವರಲ್ಲಿ ಅಪಾಯ ಕಡಿಮೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. 60ರ ವಯಸ್ಸಿನಲ್ಲಿ ಹೆಚ್ಚು ಜನಸಂಪರ್ಕ ಇದ್ದವರಿಗೆ ಮುಂದೆ ಡಿಮೆನ್ಶಿಯಾ ಬರುವ ಸಾಧ್ಯತೆ ಕಡಿಮೆಯಿತ್ತು ಎಂದು 2019ರಲ್ಲಿ ಅವರು ತೋರಿಸಿದರು. ಅದರಲ್ಲೊಂದು ವಿವರ ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ. ಆ ಲಾಭ ಕಂಡದ್ದು ಗೆಳೆಯರೊಂದಿಗಿನ ಒಡನಾಟದಲ್ಲಿ. ಬಂಧುಗಳನ್ನು ಭೇಟಿಯಾಗುವುದರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಮಕ್ಕಳಾದ ನಾವು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಅಮ್ಮನ ಗೆಳತಿಯರ ಜಾಗವನ್ನು ತುಂಬಲಾರೆವು ಎಂದು ನಾನು ಅದನ್ನು ಅರ್ಥ ಮಾಡಿಕೊಳ್ಳುತ್ತೇನೆ.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಜನರಿಂದ ದೂರವಾದದ್ದರಿಂದ ಮಿದುಳು ಸೋಲುತ್ತದೆಯೋ, ಮಿದುಳು ಸೋಲಲು ತೊಡಗಿದ್ದರಿಂದ ಜನರಿಂದ ದೂರವಾಗುತ್ತಾರೋ? ಎರಡೂ ಆಗುತ್ತದೆ. ಡಿಮೆನ್ಶಿಯಾದ ಮೊದಮೊದಲ ಲಕ್ಷಣಗಳಲ್ಲಿ ಹಿಂಜರಿಕೆಯೂ ಒಂದು. ಹೆಸರು ನೆನಪಾಗದೆ ಮುಜುಗರವಾಗುತ್ತದೆ, ಗದ್ದಲದಲ್ಲಿ ಮಾತಿನ ಎಳೆ ತಪ್ಪುತ್ತದೆ, ಆಗ ಮನೆಯಲ್ಲೇ ಇರುವುದು ಸುಲಭವೆನಿಸುತ್ತದೆ. ಆದ್ದರಿಂದ ಮದುವೆ ಮನೆಗಳಲ್ಲಿ ಮುಂದೆ ನಿಲ್ಲುತ್ತಿದ್ದವರು ಎರಡು ವರ್ಷದಲ್ಲಿ ಹೀಗಾದರು ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಅವರನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಲೇಬೇಕು.

ಆದರೆ ಆ ಎರಡು ವರ್ಷ ಶುರುವಾದದ್ದು ನಿಮ್ಮ ತಂದೆಯ ಸಾವಿನಿಂದ. ಅಪ್ಪ ಹೋದ ಮೇಲೆ ಅಮ್ಮ ಮದುವೆಗಳಿಗೆ ಹೋಗುವುದನ್ನು ಬಿಟ್ಟದ್ದಕ್ಕೆ ಮಿದುಳಿನಾಚೆಯ ಕಾರಣವೂ ಇರಬಹುದು, ನಿಮಗೂ ಅದು ಗೊತ್ತಿರಬೇಕು. ಮುತ್ತೈದೆಯರಿಗೆ ಅರಿಶಿನ-ಕುಂಕುಮ ಕೊಡುವಾಗ ಪಕ್ಕಕ್ಕೆ ಸರಿದು ನಿಲ್ಲಬೇಕಾದ ಹೆಂಗಸು, ಮೊದಲು ಅದೇ ಮನೆಯ ಉಗ್ರಾಣದ ಬೀಗದ ಕೈ ಇಟ್ಟುಕೊಂಡಿದ್ದವರು, ಇನ್ನೊಮ್ಮೆ ಅಲ್ಲಿಗೆ ಹೋಗಲು ಹೇಗೆ ಮನಸ್ಸು ಮಾಡಿಯಾರು? ಯಾರೂ ಬಾಯಿಬಿಟ್ಟು ಬರಬೇಡಿ ಎನ್ನುವುದಿಲ್ಲ, ಕರೆಯಲಿಕ್ಕೂ ಬರುತ್ತಾರೆ. ಆದರೆ ಆರತಿ ತಟ್ಟೆ ಇನ್ನೊಬ್ಬರ ಕೈಗೆ ಹೋಗಿರುತ್ತದೆ. ವಿದ್ಯಾವಂತರ ಮನೆಗಳಲ್ಲೂ ಇದು ನಡೆಯುತ್ತಿದೆ. ವಿಧವೆಯರನ್ನು ಶುಭಕಾರ್ಯದಿಂದ ದೂರವಿಡುವುದನ್ನು ನಾನು ಆರೋಗ್ಯದ ಸಮಸ್ಯೆಯೆಂದೇ ನೋಡುತ್ತೇನೆ. ಎಪ್ಪತ್ತರ ಹೆಂಗಸಿನಿಂದ ಒಂದೇ ಏಟಿಗೆ ಗಂಡನನ್ನೂ, ಊರನ್ನೂ, ಮಾಡುತ್ತಿದ್ದ ಕೆಲಸವನ್ನೂ ಕಿತ್ತುಕೊಂಡು, ಆಮೇಲೆ ಅವರಿಗೆ ಮಂಕು ಎಂದು ಆಸ್ಪತ್ರೆಗೆ ಕರೆತರುತ್ತೇವೆ. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಹಸಿವು ಕಡಿಮೆಯಾಗಿದೆಯೇ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲವೇ, ‘ಇನ್ನು ಇದ್ದು ಏನು ಮಾಡಬೇಕು’ ಎನ್ನುವ ಮಾತು ಬರುತ್ತದೆಯೇ ಎಂದು ಗಮನಿಸಿ. ಖಿನ್ನತೆಯಾದರೆ ಚಿಕಿತ್ಸೆ ಇದೆ.

ಒಡನಾಟ ಮಿದುಳಿಗೆ ಹೇಗೆ ನೆರವಾಗುತ್ತದೆ ಎಂದು ಕೇಳಬಹುದು. ಶಿಕಾಗೋದ ರಶ್ ವಿಶ್ವವಿದ್ಯಾಲಯದವರು 1997ರಿಂದ ಹಿರಿಯರನ್ನು ಪ್ರತಿವರ್ಷ ಪರೀಕ್ಷಿಸಿ, ಅವರು ತೀರಿಕೊಂಡ ಮೇಲೆ ದಾನವಾಗಿ ಬಂದ ಮಿದುಳನ್ನೂ ನೋಡುತ್ತ ಬಂದಿದ್ದಾರೆ. ಮಿದುಳಿನೊಳಗೆ ಅಲ್ಝೈಮರ್‌ನ ಕುರುಹು ಒಂದೇ ಪ್ರಮಾಣದಲ್ಲಿದ್ದರೂ, ಬಳಗ ದೊಡ್ಡದಿದ್ದವರ ಬುದ್ಧಿಶಕ್ತಿ ಬದುಕಿದ್ದಾಗ ಚೆನ್ನಾಗಿ ಉಳಿದಿತ್ತು ಎಂದು 2006ರಲ್ಲಿ ಅವರು ವರದಿ ಮಾಡಿದರು. ಕಾಯಿಲೆ ಇತ್ತು, ಅದನ್ನು ತಾಳಿಕೊಳ್ಳುವ ಶಕ್ತಿಯೂ ಇತ್ತು. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದಾಗ, ಗುಡ್ಡದ ಮೇಲಿನ ಇನ್ನೆರಡು ದಾರಿ ಬಲ್ಲವರು ತಡವಾಗಿಯಾದರೂ ಶಾಲೆಗೆ, ಪೇಟೆಗೆ ಮುಟ್ಟುತ್ತಾರಲ್ಲ, ಮಿದುಳಿನ ಈ ಮೀಸಲು ಶಕ್ತಿಯೂ ಹಾಗೆಯೇ. ಓದು, ಕೆಲಸ, ಜನರೊಂದಿಗಿನ ಮಾತುಕತೆ ಬದುಕಿನುದ್ದಕ್ಕೂ ಆ ಬದಲಿ ದಾರಿಗಳನ್ನು ಸವೆಸಿ ಇಟ್ಟಿರುತ್ತವೆ.

ಶಾಲೆ ಕಲಿಯದವರಿಗೂ ಈ ಮೀಸಲು ಇರುತ್ತದೆ. ಈಗ ನಿಮ್ಹಾನ್ಸ್‌ನ ಜತೆ ಹೆಸರು ಬೆಸೆದಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಘಟ್ಟದ ಕೆಳಗಿನ ನೆಂಟರ ಜತೆ ತುಳು ಎಂದು ಎದುರಿನವರನ್ನು ನೋಡಿ ಮಾತು ಬದಲಿಸುವ ಹೆಂಗಸರು ಮಲೆನಾಡಿನಲ್ಲಿ ಎಷ್ಟೋ ಮಂದಿ. ಆ ಜಾಣತನ ಉಳಿಯಬೇಕಾದರೆ ಎದುರಿಗೆ ಮಾತಾಡಲು ಜನ ಬೇಕು.

ಎಂಥ ಒಡನಾಟ ಎಂಬುದು ಮುಖ್ಯ. ಇಪ್ಪತ್ತು ಜನರ ನಡುವೆ ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟರೆ ಅದು ಒಡನಾಟವಾಗುವುದಿಲ್ಲ. ಎದುರಿನವರ ಮಾತು ಹಿಡಿಯಬೇಕು, ಉತ್ತರ ಹೊಂದಿಸಬೇಕು, ತನ್ನ ಸರದಿಗೆ ಕಾಯಬೇಕು, ಹಳೆಯದನ್ನು ನೆನಪಿಸಿಕೊಳ್ಳಬೇಕು, ಜತೆಗೆ ತಾನು ಅಲ್ಲಿ ಬೇಕಾದವಳು ಎಂಬ ಭಾವ ಇರಬೇಕು. ನಮ್ಮ ಹಳೆಯ ಬದುಕಿನಲ್ಲಿ ಇದು ಹುಡುಕದೆಯೇ ಸಿಗುತ್ತಿತ್ತು. ಅಡಿಕೆ ಸುಲಿಯುವ ರಾತ್ರಿಗಳನ್ನೇ ನೆನಪಿಸಿಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಸುತ್ತಲಿನ ಹೆಂಗಸರೆಲ್ಲ ಮೆಟ್ಟುಗತ್ತಿ ಹಿಡಿದು ಒಂದೇ ಚಪ್ಪರದಡಿ ಕೂರುತ್ತಿದ್ದರು. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಬಾಯಿಗೆ ಬಿಡುವಿರಲಿಲ್ಲ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟದ್ದು, ಆ ಮನೆಯ ಹಿಂದಿನ ತಲೆಮಾರಿನಲ್ಲಿ ಏನು ಜಗಳ, ಯಾವ ವರ್ಷ ಕೊಳೆರೋಗ ಬಂದು ತೋಟ ಹೋದದ್ದು. ಹಾಡು, ಒಗಟು, ಮಧ್ಯದಲ್ಲಿ ಚಹಾ. ಎಷ್ಟು ಡಬ್ಬ ಸುಲಿದೆ ಎಂಬ ಲೆಕ್ಕ ಬೇರೆ. ಯಾವ ನರವಿಜ್ಞಾನಿಯೂ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ಕಾಗದದ ಮೇಲೆ ಬರೆದುಕೊಡಲಾರ. ಆ ಬಳಗದಲ್ಲಿ ಎಪ್ಪತ್ತು ದಾಟಿದವರಿಗೂ ಜಾಗವಿತ್ತು, ಸುಲಿಯಲು ಕೈಲಾಗದವರು ಅಡಿಕೆಯನ್ನು ಹಸ, ಬೆಟ್ಟೆ, ಗೊರಬಲು ಎಂದು ದರ್ಜೆವಾರು ಆರಿಸಿಕೊಡುತ್ತಿದ್ದರು.

ಈಗ ಸುಲಿಯುವ ಯಂತ್ರ ಬಂದಿದೆ, ಹಲವರು ಹಸಿ ಅಡಿಕೆಯನ್ನೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆಳು ಸಿಗದ, ಮಕ್ಕಳು ಊರಲ್ಲಿಲ್ಲದ ಕಾಲದಲ್ಲಿ ಯಂತ್ರ ಬೇಡವೆಂದು ನಾನು ಹೇಳಲಾರೆ. ಆದರೆ ಅದರ ಜತೆ ಹೋದದ್ದು ಕೂಲಿಯ ಖರ್ಚು ಮಾತ್ರವಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಬಯಲುಸೀಮೆಯ ಊರಿನಂತೆ ನಮ್ಮಲ್ಲಿ ಮನೆಗೆ ಮನೆ ತಾಗಿಕೊಂಡಿಲ್ಲ. ತೋಟಕ್ಕೊಂದು ಮನೆ, ನಡುವೆ ಗುಡ್ಡ ಹಳ್ಳ. ಇಂಥ ಸೀಮೆಯಲ್ಲಿ ಜನರನ್ನು ಒಟ್ಟು ಸೇರಿಸುತ್ತಿದ್ದದ್ದು ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಂದು ದುಡಿಯುವ ಮುಯ್ಯಾಳು ನಿಂತಿತು, ಅಡಿಕೆ ಸುಲಿಯುವುದು ನಿಂತಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಒಬ್ಬರೇ ಇರುವ ಹಿರಿಯರು ದಿನಗಟ್ಟಲೆ ಯಾರೊಂದಿಗೂ ಹತ್ತು ಮಾತಾಡದೆ ಇರುವುದು ನಮ್ಮ ತಾಲ್ಲೂಕುಗಳಲ್ಲಿ ಈಗ ಅಪರೂಪವಲ್ಲ.

ಆದ್ದರಿಂದ ಅಮ್ಮನಿಗೆ ಕೆಲಸ ಕೊಡಿ. ‘ಹೋಗಿ ಬಾ, ಮನಸ್ಸಿಗೆ ಹಗುರಾಗುತ್ತೆ’ ಎಂದರೆ ಅವರು ಹೋಗುವುದಿಲ್ಲ. ಅಮ್ಮನ ಓರಗೆಯವರು, ಅಥವಾ ಊರಿನಲ್ಲಿ ಅವರು ಇಷ್ಟಪಡುವ ಕಿರಿಯಳೊಬ್ಬಳು ಬಂದು ‘ಅತ್ತೆ, ಮಿಡಿ ಉಪ್ಪಿನಕಾಯಿಗೆ ಈ ಸಲ ನೀವೇ ಅಳತೆ ಹೇಳಬೇಕು, ಹೋದ ವರ್ಷದ್ದು ಕೆಟ್ಟಿತು’ ಎಂದರೆ ಪರಿಣಾಮ ಬೇರೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ ನಾಲ್ಕು ಮನೆಯವರು ನಿಮ್ಮ ಅಂಗಳದಲ್ಲೇ ಮಾಡುವಂತೆ ಏರ್ಪಾಡು ಮಾಡಿ, ಹಿಟ್ಟಿನ ಹದ ನೋಡುವ ಹೊಣೆ ಅಮ್ಮನದಾಗಿರಲಿ. ಮದುವೆಗೆ ಕರೆಯಲು ಬರುವ ನೆಂಟರಿಗೆ ನೀವೇ ಮೊದಲು ಫೋನ್ ಮಾಡಿ, ಅಡುಗೆಯ ಅಂದಾಜು ಅಮ್ಮನನ್ನೇ ಕೇಳಿ, ಅವರಿಗೆ ಮುಂದೆ ಜಾಗ ಕೊಡಿ ಎಂದು ಸ್ಪಷ್ಟವಾಗಿ ಹೇಳಿ. ಇದು ಹೇಳಲು ಮುಜುಗರದ ಮಾತು, ಆದರೂ ಹೇಳಬೇಕು.

ಸಾಗರದ ಕಡೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯುವಾಗ, ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುವಾಗ ಎಳೆ ತಪ್ಪಿದರೆ ತಿದ್ದುವವರು ಅಜ್ಜಿಯರು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಗಮಕ, ಭಜನೆ, ಮಳೆಗಾಲದ ತಾಳಮದ್ದಲೆ ಇವೆಲ್ಲ ನೆನಪನ್ನೂ ಮಾತನ್ನೂ ಒಟ್ಟಿಗೆ ದುಡಿಸುತ್ತವೆ. ತಾಳಮದ್ದಲೆಯ ಅರ್ಥಧಾರಿ ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಕಟ್ಟಬೇಕು, ಕೇಳುವ ಹಿರಿಯರು ಮನೆಗೆ ಬರುವವರೆಗೂ ಅದನ್ನೇ ಚರ್ಚಿಸುತ್ತಾರೆ. 2003ರಲ್ಲಿ ನ್ಯೂಯಾರ್ಕಿನಿಂದ ಬಂದ ಅಧ್ಯಯನವೊಂದರಲ್ಲಿ 75 ದಾಟಿದ 469 ಮಂದಿಯನ್ನು ನೋಡಿದಾಗ ಓದು, ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದವರಿಗೆ ಡಿಮೆನ್ಶಿಯಾ ಅಪಾಯ ಕಡಿಮೆಯಿತ್ತು. ಅಟ್ಟದ ಮೇಲೆ ಚನ್ನೆಮಣೆ ಇದ್ದರೆ ಕೆಳಗಿಳಿಸಿ. ಅದಕ್ಕೆ ಇಬ್ಬರು ಬೇಕು, ಲೆಕ್ಕವೂ ಬೇಕು.

ತಮ್ಮನ ಟ್ಯಾಬ್‌ಗೆ ಬರೋಣ. ಮಿದುಳಿನ ಆಟಗಳನ್ನು ಆಡುತ್ತ ಹೋದರೆ ಆ ಆಟದಲ್ಲಿ ಕೈ ಪಳಗುತ್ತದೆ. ಇಷ್ಟವಿದ್ದವರು ಆಡಲಿ, ಮುಟ್ಟದವರಿಗೆ ಒತ್ತಾಯ ಬೇಡ. ಆದರೆ ಟ್ಯಾಬನ್ನು ಎತ್ತಿಡಬೇಡಿ, ಅದಕ್ಕೆ ಬೇರೆ ಉಪಯೋಗವಿದೆ. ಅಮೆರಿಕದಲ್ಲಿ 75 ದಾಟಿದ, ಒಂಟಿಯಾಗಿರುವ 186 ಹಿರಿಯರಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನವರ ಜತೆ ತರಬೇತಿ ಪಡೆದವರು ವಾರಕ್ಕೆ ನಾಲ್ಕು ಸಲ ಅರ್ಧ ಗಂಟೆ ವಿಡಿಯೊದಲ್ಲಿ ಹರಟಿದರು. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಹತ್ತು ನಿಮಿಷ ಫೋನ್ ಮಾಡಿ ಕ್ಷೇಮ ವಿಚಾರಿಸಿದರು, ಅಷ್ಟೇ. ಆರು ತಿಂಗಳ ಕೊನೆಗೆ ಹರಟೆಯ ಗುಂಪಿನವರು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು. ಪ್ರಯೋಗ ಚಿಕ್ಕದು, ವ್ಯತ್ಯಾಸವೂ ಚಿಕ್ಕದು. ಆದರೂ ನಿಮ್ಮ ಫೋನ್ ಮಾತುಕತೆ ಯಾವ ಗುಂಪಿನದು ಎಂದು ಒಮ್ಮೆ ನೋಡಿಕೊಳ್ಳಿ. ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಬಾಗಿಲು ಹಾಕಿದ್ಯಾ’ ಎಂಬ ಮೂರು ಪ್ರಶ್ನೆಗೆ ಹೂಂ ಎಂಬ ಮೂರು ಉತ್ತರ ಬಂದು ಕರೆ ಮುಗಿಯುತ್ತದೆ. ನಾವೆಲ್ಲ ದಣಿದ ಸಂಜೆ ಮಾಡುವ ಕರೆ ಹೀಗೆಯೇ ಇರುತ್ತದೆ. ಅದರ ಬದಲು ಅಮ್ಮನಿಂದ ನಿಮಗೆ ನಿಜಕ್ಕೂ ಬೇಕಾದದ್ದನ್ನು ಕೇಳಿ. ಕಳಲೆಯನ್ನು ಎಷ್ಟು ದಿನ ನೀರಿನಲ್ಲಿಡಬೇಕು, ನನ್ನ ಬಾಣಂತನಕ್ಕೆ ಏನೇನು ಮಾಡಿದ್ದೆ, ದೊಡ್ಡಜ್ಜನ ಕಾಲದಲ್ಲಿ ತೋಟ ಎಲ್ಲಿಯವರೆಗೆ ಇತ್ತು. ಅವರು ಹೇಳಿದ್ದಕ್ಕೆ ಒಪ್ಪದಿದ್ದರೆ ಒಪ್ಪಲಿಲ್ಲ ಎನ್ನಿ, ವಾದ ಮಾಡಲಿ. ಮೊಮ್ಮಕ್ಕಳಿಗೆ ವಾರಕ್ಕೊಂದು ಕಥೆ ಹೇಳುವ ವಿಡಿಯೊ ಕರೆ ಇಟ್ಟುಕೊಳ್ಳಿ. ನೆನಪಾಗದ ಹೆಸರನ್ನು ನೆನಪಿಸಿಕೊಳ್ಳಲು ಸಮಯ ಕೊಡಿ, ‘ಅಷ್ಟೂ ಮರೆತೆಯಾ’ ಎಂದು ಮಾತ್ರ ಅನ್ನಬೇಡಿ. ಟಿವಿ ಧಾರಾವಾಹಿ, ವಾಟ್ಸ್ಆ್ಯಪ್‌ನ ಶುಭೋದಯ ಇವನ್ನು ಒಡನಾಟದ ಲೆಕ್ಕಕ್ಕೆ ಸೇರಿಸಬೇಡಿ.

ಈಗ ಬೆಂಗಳೂರು. ಹೊತ್ತಿಸಿದ ಗ್ಯಾಸ್ ಪದೇ ಪದೇ ಮರೆಯುತ್ತಿದ್ದರೆ, ಪರಿಚಿತ ದಾರಿಯಲ್ಲೇ ದಿಕ್ಕು ತಪ್ಪುತ್ತಿದ್ದರೆ, ಊಟ ಬಿಡುತ್ತಿದ್ದರೆ, ಮಾತ್ರೆಯನ್ನು ಎರಡು ಸಲ ನುಂಗುತ್ತಿದ್ದರೆ, ಹಣದ ವಿಚಾರದಲ್ಲಿ ಯಾರಾದರೂ ಮೋಸ ಮಾಡುತ್ತಿದ್ದರೆ ಅವರನ್ನು ಒಬ್ಬರೇ ಬಿಡಬಾರದು, ಎರಡು ಮಾತಿಲ್ಲ. ಒಂದೆರಡು ಸಲ ಹಾಲು ಉಕ್ಕಿದ್ದು ಅಷ್ಟು ದೂರ ಹೋದ ಲಕ್ಷಣವಲ್ಲ. ಆ ಹಂತದಲ್ಲಿ ಇಲ್ಲದವರನ್ನು ಐದನೇ ಮಹಡಿಗೆ ತಂದು ಕೂರಿಸುವುದು ಬಹಳ ಸಲ ಒಂಟಿತನವನ್ನು ಹೆಚ್ಚಿಸುತ್ತದೆ. ನೀವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ, ಎದುರು ಬಾಗಿಲಿನವರ ಭಾಷೆ ಬೇರೆ. ಹೂ ಕೊಯ್ಯಲಿಕ್ಕಿಲ್ಲ, ಜಗಲಿಯಿಲ್ಲ, ದಾರಿಯಲ್ಲಿ ಹೋಗುವವರನ್ನು ಕರೆದು ‘ಎಲ್ಲಿಗೆ ಹೊರಟಿದ್ದು’ ಎಂದು ಕೇಳಲಿಕ್ಕಿಲ್ಲ. ಮರೆವು ಶುರುವಾದವರಿಗೆ ಹೊಸ ಜಾಗದಲ್ಲಿ ಬಚ್ಚಲ ಬಾಗಿಲು ಹುಡುಕುವುದೂ ಕಷ್ಟ. ಐವತ್ತು ವರ್ಷ ಓಡಾಡಿದ ಮನೆಯಲ್ಲಿ ಕಾಲಿಗೇ ದಾರಿ ಗೊತ್ತಿರುತ್ತದೆ.

ನನ್ನ ಸಲಹೆ ನಡುವಿನ ದಾರಿ. ಜೋರು ಮಳೆಯ ಎರಡು ಮೂರು ತಿಂಗಳು ಅಮ್ಮ ನಿಮ್ಮಲ್ಲಿರಲಿ, ಅಥವಾ ಹೊಸನಗರ, ಸಾಗರ, ತೀರ್ಥಹಳ್ಳಿಯಂಥ ಪೇಟೆಯಲ್ಲಿ ಅವರ ಅಕ್ಕತಂಗಿಯರು ಯಾರಾದರೂ ಇದ್ದರೆ ಅಲ್ಲಿರಲಿ. ಎರಡನೆಯದನ್ನೇ ನಾನು ಹೆಚ್ಚು ಇಷ್ಟಪಡುತ್ತೇನೆ. ಇಬ್ಬರು ಅಕ್ಕತಂಗಿಯರು ಒಂದು ಅಡುಗೆಮನೆಯಲ್ಲಿದ್ದರೆ ಮಾತಿಗೆ ಬರವಿರುವುದಿಲ್ಲ, ಜಗಳವೂ ಇರುತ್ತದೆ, ಇರಲಿ. ಉಳಿದ ತಿಂಗಳು ಊರಿನಲ್ಲೇ ಇರಲಿ. ರಾತ್ರಿ ಜತೆಗೆ ಮಲಗಲು ಯಾರಾದರೂ ಸಿಗುತ್ತಾರೆಯೇ ನೋಡಿ. ಓಡಾಟಕ್ಕೆ ಹಣ ತೆಗೆದಿಡಿ: 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದರೂ, ನಮ್ಮ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ, ಅದೂ ಮನೆಯಿಂದ ಎರಡು ಮೈಲಿ ದೂರದ ರಸ್ತೆಯಲ್ಲಿ. ಊರಿನ ಆಟೋದವರ ಜತೆ ಮಾತಾಡಿ ವಾರಕ್ಕೆರಡು ದಿನ ಗೊತ್ತು ಮಾಡಿ. ಒಂದು ದಿನ ಸಂಘದ ಸಭೆಗೋ ಭಜನೆಗೋ, ಇನ್ನೊಂದು ದಿನ ಗೆಳತಿಯ ಮನೆಗೆ. ಬಾಡಿಗೆ ನೀವು ತಿಂಗಳಿಗೊಮ್ಮೆ ಕಳಿಸಿ. ಟ್ಯಾಬ್‌ಗೆ ಕೊಟ್ಟ ಹಣದಲ್ಲಿ ಬಹಳ ದಿನದ ಬಾಡಿಗೆ ಆಗುತ್ತಿತ್ತು.

ಪರೀಕ್ಷೆಯಲ್ಲಿ ಡಿಮೆನ್ಶಿಯಾ ಎಂದೇ ತೀರ್ಮಾನವಾದರೆ ಇದೆಲ್ಲ ವ್ಯರ್ಥವೇ? ಖಂಡಿತ ಇಲ್ಲ. ಆರಂಭದ ಮತ್ತು ಮಧ್ಯಮ ಹಂತದಲ್ಲಿ ಸಣ್ಣ ಗುಂಪಿನಲ್ಲಿ ಕೂತು ಹಳೆಯ ವಿಷಯ, ಹಾಡು, ವಸ್ತುಗಳ ಬಗ್ಗೆ ಮಾತಾಡಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯಾಗಿಯೇ ಶಿಫಾರಸು ಮಾಡುತ್ತಾರೆ. ಗುಂಪು ಮಾತ್ರ ಚಿಕ್ಕದಿರಬೇಕು. ಇನ್ನೂರು ಜನರ ಊಟದ ಪಂಕ್ತಿ ಅವರಿಗೆ ಹಿಂಸೆಯಾಗುತ್ತದೆ, ಜಗಲಿಯಲ್ಲಿ ಇಬ್ಬರು ಮೂವರು ಸಾಕು.

ತೋರಿಸುವುದೆಲ್ಲಿ ಎಂಬುದು ಉಳಿದಿದೆ. ಮೆಗ್ಗಾನ್‌ನಲ್ಲಿ ಕಿವಿಯ ಜತೆಗೆ ಮನೋವೈದ್ಯಕೀಯ ವಿಭಾಗವೂ ಇದೆ, ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತದೆ. ಹೋಗುವ ಮೊದಲು ಮಾತಾಡಿಕೊಳ್ಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567, ಎರಡರಲ್ಲೂ ಕನ್ನಡದಲ್ಲಿ ಮಾತಾಡಬಹುದು. ನೆನಪಿನ ಪರೀಕ್ಷೆ ಅಮ್ಮನ ಓದಿಗೆ ತಕ್ಕಂತೆ, ಕನ್ನಡದಲ್ಲೇ ನಡೆಯಲಿ. ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದವರಿಗೆ ಗಡಿಯಾರದ ಚಿತ್ರ ಬರೆಯಿರಿ ಎಂದು ಹೇಳಿ ಅಂಕ ಕಳೆಯುವುದು ನ್ಯಾಯವಲ್ಲ. ಅದನ್ನು ವೈದ್ಯರಿಗೆ ನೀವೇ ತಿಳಿಸಿ. ಬಿ-12, ಥೈರಾಯ್ಡ್, ಸೋಡಿಯಂ, ಶುಗರ್ ಪರೀಕ್ಷೆಗಳ ವರದಿ, ಕನ್ನಡಕ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಆಯುರ್ವೇದದ ಪುಡಿ, ಅಂಗಡಿಯಿಂದ ತಂದ ಶೀತದ ಮಾತ್ರೆ ಇವೂ ಸೇರಲಿ. ಪರೀಕ್ಷೆಯಾಗುವಾಗ ಅಮ್ಮನ ಪಕ್ಕದಲ್ಲಿ ನೀವಿರಿ, ಆದರೆ ಕೇಳಿದ್ದಕ್ಕೆ ಅವರೇ ಉತ್ತರ ಕೊಡಲಿ. ವರದಿಗಳು ಬಂದ ಮೇಲೆ ನನಗೆ ಬರೆಯಿರಿ. ನಿದ್ದೆ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿನಿಂದ ಎಂಬುದನ್ನೂ ಅದರಲ್ಲಿ ಸೇರಿಸಿ.